ಎಡಗಿವಿಯ ಒಡತಿಗೆ

ಪುಟ್ಟೀ,

ಏಳನೇ ವಯಸ್ಸಿನಲ್ಲಿ ನಿನ್ನ ಎಡಗಿವಿಯ ತಮಟೆ ತೂತಾದಾಗ, 'ಇದು ಸರಿಹೋದ ದಿನದಿಂದ ನಾನು ಕಿರುಚೋದೇ ಇಲ್ಲ' ಎಂದು ಮಾತು ಕೊಟ್ಟಿದ್ದೆ.

ನಾಳೆ ಮೊದಲ ಬಸ್ಸು ನಾನೇ ಓಡಿಸಬೇಕು. ನೀನು ಏಳುವಷ್ಟರಲ್ಲಿ ಹೊರಟಿರುತ್ತೇನೆ.

ಡಾಕ್ಟರಮ್ಮ ಇವತ್ತು ಕಿವಿಯೊಳಗಿನ ಸ್ಪಂಜು ತೆಗೆದರು ಅಂತ ಮೆರೆಯಬೇಡ. ಹೊಸ ತಮಟೆ ಇನ್ನೂ ಎಳೆಯದು. ಸ್ನಾನಕ್ಕೆ ಮುಂಚೆ ವ್ಯಾಸಲೀನ್ ಹಚ್ಚಿದ ಹತ್ತಿ ಇಟ್ಟುಕೋ. ಸೀನು ಬಂದರೆ ಮೂಗು ಹಿಡಿಯದೆ ಬಾಯಿ ತೆರೆದೇ ಸೀನು. ಕಷ್ಟವೇನಲ್ಲ, ನಿನ್ನ ಬಾಯಿ ಹೇಗೂ ಮುಚ್ಚುವುದಿಲ್ಲ.

ಆಪರೇಷನ್ನಿನಲ್ಲಿ ಪೆನ್ಸಿಲ್ಲಿಗಿಂತ ಸಣ್ಣ ಕ್ಯಾಮೆರಾ ಕಿವಿಯ ದಾರಿಯಲ್ಲೇ ಹೋಗಿಬಂದಿದೆ, ಹೊರಗೆ ಒಂದು ಗೀರೂ ಇಲ್ಲ. ಹಾಗಾಗಿ ಪಾತ್ರೆ ತೊಳೆಯದಿರಲು ಗಾಯದ ನೆಪ ನಡೆಯದು. ಅವರು ತೋರಿಸಿದ ವಿಡಿಯೋದಲ್ಲಿ, ತಮಟೆಯ ಹಿಂದೆ ಶಬ್ದ ದಾಟಿಸುವ ಮೂರು ಮೂಳೆಗಳಲ್ಲಿ ಅಕ್ಕಿಕಾಳಿಗಿಂತ ಚಿಕ್ಕದಾದ ಕೊನೆಯದೂ ಅಲುಗಾಡಿದಾಗ ನನಗೆ ಅಳು ಬಂತು. ಯಾರಿಗೂ ಹೇಳಬೇಡ.

ಸಂಜೆ ಹಾಸಿಗೆ ಮೇಲೆ ಮತ್ತೆ ಒದ್ದೆ ಟವೆಲ್ಲು! ಹಳೇ ಅಭ್ಯಾಸ, ಬಾಗಿಲಲ್ಲೇ ನಿಂತು ಕಿರುಚಿದೆ. ಬಲಗಿವಿ ದಿಂಬಿಗೆ ಒತ್ತಿ ಮಲಗಿದ್ದ ನೀನು, ತಿರುಗಿಯೂ ನೋಡದೆ, "ಕೇಳಿಸ್ತಪ್ಪಾ, ಯಾಕ್ ಹಂಗ್ ಕಿರುಚ್ತೀಯಾ?" ಅಂದೆ.

ಕೊಟ್ಟ ಮಾತು ಮೊದಲ ದಿನವೇ ಮುರಿಯಿತು.

ಅಪ್ಪ