ನಮ್ಮ ಜೆಟ್ಟಿಯಲ್ಲಿ ಲಾಂಚ್ ನಿಲ್ಲಿಸಬೇಕಾಗಿದ್ದ ಕೋಡ್ ಕುರಿತು

ಮಾನ್ಯ ಜಲಸಾರಿಗೆ ನಿರ್ದೇಶಕರೇ,

ನಮ್ಮ ಲೆರ್‌ಶೇರ್ ದ್ವೀಪದ ಜೆಟ್ಟಿಯಲ್ಲಿ ನೀವು ಅಂಟಿಸಿ ಹೋದ ಕ್ಯೂಆರ್ ಕೋಡ್ ಸತ್ತುಹೋಗಿತ್ತು. ಅದು ಹದಿನೇಳು ದಿನ ನಿಮಗೆ ಗೊತ್ತೇ ಆಗಲಿಲ್ಲ. ಅದರಿಂದಾಗಿ ನನ್ನ ನೆರೆಮನೆಯ ಸಿಕ್ಸ್ಟೆನ್, ಹೆಂಡತಿಯ ಕೊನೆಗಳಿಗೆಗೆ ಆಸ್ಪತ್ರೆ ತಲುಪಲಿಲ್ಲ. ಮುಂದೆ ಬರುವುದೆಲ್ಲ ಇದರ ವಿವರ. ಪುರುಸೊತ್ತಿಲ್ಲದಿದ್ದರೆ ಇಷ್ಟಕ್ಕೇ ಬಿಟ್ಟು ಕಾಫಿಗೆ ಏಳಬಹುದು.

ಕಳೆದ ವಸಂತದವರೆಗೆ ಜೆಟ್ಟಿಯ ಕಂಬದ ಮೇಲೊಂದು ತಗಡಿನ ಬಿಲ್ಲೆ ಇತ್ತು. ಹಗ್ಗ ಎಳೆದರೆ ಬಿಲ್ಲೆ ಮೇಲೇಳುತ್ತಿತ್ತು, ಅದನ್ನು ಕಂಡ ಲಾಂಚ್ ಬಂದು ನಿಲ್ಲುತ್ತಿತ್ತು. ಓದು ಬಾರದ ಮಗುವಿಗೂ ಬರುತ್ತಿದ್ದ ಈ ವಿದ್ಯೆ ನಿಮಗೆ ಅವಮಾನವೆನಿಸಿರಬೇಕು. ಬಿಲ್ಲೆ ಕಿತ್ತಿರಿ, ಫೋನ್ ಹಿಡಿದರೆ ಲಾಂಚಿಗೆ ಸೂಚನೆ ಹೋಗುವ ಕೋಡ್ ಅಂಟಿಸಿದಿರಿ. ಅದೂ ಎಂಥ ಕೋಡ್? ಸ್ಟ್ಯಾಟಿಕ್ ಆಗಿದ್ದರೆ ಲಾಂಚ್ ನಿಲ್ಲಿಸುವ ಪುಟದ ವಿಳಾಸ ಆ ಕಪ್ಪು ಚೌಕಗಳೊಳಗೇ ಅಚ್ಚಾಗಿರುತ್ತಿತ್ತು, ಮಧ್ಯೆ ಯಾರ ಹಂಗೂ ಇರುತ್ತಿರಲಿಲ್ಲ. ನೀವು ಆರಿಸಿದ್ದು ಡೈನಾಮಿಕ್. ಅದು ಮೊದಲು ಮಧ್ಯವರ್ತಿ ಕಂಪನಿಯೊಂದರ ಬಾಗಿಲು ತಟ್ಟುತ್ತದೆ. ಅವರು ಮನಸ್ಸು ಮಾಡಿದರೆ ಮುಂದಕ್ಕೆ ಕಳಿಸುತ್ತಾರೆ. ಯಾಕೆ ಹೀಗೆ ಎಂದು ದ್ವೀಪದ ಸಭೆಯಲ್ಲಿ ಕೇಳಿದ್ದಕ್ಕೆ ನಿಮ್ಮ ಪ್ರತಿನಿಧಿ, "ನಾಳೆ ವಿಳಾಸ ಬದಲಾಯಿಸ್ಬೇಕು ಅಂದ್ರೆ ಸುಲಭ ಆಗುತ್ತೆ ನೋಡಿ. ಜತೆಗೆ ಎಷ್ಟು ಜನ ಸ್ಕ್ಯಾನ್ ಮಾಡಿದ್ರು ಅಂತಾನೂ ಗೊತ್ತಾಗುತ್ತೆ" ಎಂದರು. ಚಳಿಗಾಲದಲ್ಲಿ ಇಲ್ಲಿ ಉಳಿಯುವವರು ಹನ್ನೊಂದು ಜನ ಸ್ವಾಮೀ! ಎರಡು ಕೈಯ ಬೆರಳು ಸಾಲದಿದ್ದರೆ ಒಂದು ಕಾಲ್ಬೆರಳು ಸೇರಿಸಿಕೊಳ್ಳಬಹುದಿತ್ತು.

ನವೆಂಬರ್ ಆರರ ಬೆಳಿಗ್ಗೆ ಆಸ್ಪತ್ರೆಯಿಂದ ಸಿಕ್ಸ್ಟೆನ್‌ಗೆ ಫೋನ್ ಬಂತು: ನಿಮ್ಮ ಹೆಂಡತಿ ಮಾಯ್ಕೆನ್‌ಗೆ ಉಸಿರಾಡಲು ಕಷ್ಟವಾಗುತ್ತಿದೆ, ಬೇಗ ಬನ್ನಿ. ನಮ್ಮ ಸ್ವಂತ ದೋಣಿಗಳನ್ನೆಲ್ಲ ಅಕ್ಟೋಬರಿನಲ್ಲೇ ದಡಕ್ಕೆಳೆದು ಮಗುಚಿಟ್ಟಿದ್ದೆವು; ಲಾಂಚ್ ಬಿಟ್ಟರೆ ಗತಿಯಿರಲಿಲ್ಲ. ಸಿಕ್ಸ್ಟೆನ್‌ಗೆ ಎಂಬತ್ತೊಂದು ವರ್ಷ, ಕೈ ನಡುಗುತ್ತದೆ. ಕೋಡಿಗೆ ಫೋನ್ ಹಿಡಿದರೆ ಪರದೆಯಲ್ಲಿ ಸಣ್ಣಕ್ಷರದ ಏನೋ ಒಂದು ಸಾಲು ಬಂತು. ಕೈ ಅಲುಗಿ ತಪ್ಪಾಯಿತೆಂದುಕೊಂಡು ಮತ್ತೆ ಹಿಡಿದರು, ಮತ್ತೆ ಹಿಡಿದರು. ಅಷ್ಟರಲ್ಲಿ ಲಾಂಚ್ ಕಾಣಿಸಿತು. ಟೋಪಿ ಬಿಚ್ಚಿ ಬೀಸಿದರು. ಆದರೆ ಹಾದುಹೋಗುವ ಲಾಂಚಿಗೆ ಕೈಬೀಸುವುದು ಇಲ್ಲಿ ಎಲ್ಲರ ಅಭ್ಯಾಸ. ಚಾಲಕನೂ ಖುಷಿಯಿಂದ ಕೈಬೀಸಿ ಮುಂದೆ ಹೋದ. ಮುಂದಿನ ಲಾಂಚ್ ನಾಲ್ಕು ಗಂಟೆಗಿತ್ತು. ಮಾಯ್ಕೆನ್ ಎರಡಕ್ಕೆ ತೀರಿಕೊಂಡರು.

ನಿಮ್ಮ ಕಚೇರಿಗೆ ನಾನೇ ಫೋನ್ ಮಾಡಿದೆ.

"ಕೋಡ್ ಸರಿಯಾಗೇ ಇದೆ," ಎಂದಳು ನಿಮ್ಮ ಸಿಬ್ಬಂದಿ. "ವಯಸ್ಸಾದವ್ರು, ಫೋನ್ ನೆಟ್ಟಗೆ ಹಿಡ್ಕೊಂಡಿರಲ್ಲ ಅಷ್ಟೆ."

"ಅಲ್ಲಮ್ಮಾ, ಮಾರನೇ ದಿನ ನಾನೂ ಹಿಡಿದು ನೋಡ್ದೆ. ಚಾಲ್ತಿಯಲ್ಲಿಲ್ಲ ಅಂತ ಬರುತ್ತೆ."

"ಸಾಧ್ಯಾನೇ ಇಲ್ಲ. ಆವತ್ತು ಬೆಳಿಗ್ಗೆ ನಿಮ್ಮ ಜೆಟ್ಟಿಯಿಂದ ಒಂಬತ್ತು ಸ್ಕ್ಯಾನ್ ದಾಖಲಾಗಿದೆ. ಕೋಡ್ ಕೆಟ್ಟಿದ್ರೆ ದಾಖಲಾಗ್ತಿತ್ತಾ?"

ಮಧ್ಯವರ್ತಿಯ ಪ್ರಾಯೋಗಿಕ ಅವಧಿ ಅಕ್ಟೋಬರ್ ಕೊನೆಗೇ ಮುಗಿದಿತ್ತು, ಮುಂದುವರಿಸಲು ನಿಮ್ಮಲ್ಲಿ ಯಾರಿಗೂ ನೆನಪಾಗಿರಲಿಲ್ಲ ಎಂಬುದು ಆಮೇಲೆ ನಿಮ್ಮದೇ ಪತ್ರದಿಂದ ತಿಳಿಯಿತು. ಅದರಲ್ಲಿ 'ಉಂಟಾದ ಅನನುಕೂಲಕ್ಕೆ ವಿಷಾದಿಸುತ್ತೇವೆ' ಎಂದಿದೆ. ಅತ್ತ ಹೆಂಡತಿ ಸಾಯುತ್ತಿರುವಾಗ ಇತ್ತ ಗಂಡ ಜೆಟ್ಟಿಯಲ್ಲಿ ನಿಂತಿರುವುದಕ್ಕೆ ನಿಮ್ಮ ಕಚೇರಿಯಲ್ಲಿ ಅನನುಕೂಲ ಅನ್ನುತ್ತಾರೆಯೇ? ಎಣಿಸುವ ಕೆಲಸಕ್ಕೆ ಜೀವ ಹಿಡಿದುಕೊಂಡು ಲಾಂಚ್ ನಿಲ್ಲಿಸುವ ಕೆಲಸಕ್ಕೆ ಮಾತ್ರ ಸತ್ತಿದ್ದ ಆ ಕೋಡ್ ಕಂಡರೆ ನನಗೆ ಅಸಹ್ಯ. ಅದನ್ನು ಆರಿಸಿದವರನ್ನು ಕಂಡರೆ ಇನ್ನೂ ಹೆಚ್ಚು.

ಸಿಕ್ಸ್ಟೆನ್ ನನ್ನ ಅಡುಗೆಮನೆಗೆ ಬಂದು ಕುಳಿತಾಗಲೆಲ್ಲ, "ಕೈ ಒಂಚೂರು ಗಟ್ಟಿ ಹಿಡಿದಿದ್ರೆ ಸಾಕಿತ್ತು ಗುನ್ನೆಲ್. ನಂದೇ ತಪ್ಪು," ಅನ್ನುತ್ತಾರೆ. ಅಲ್ಲ ಎಂದರೆ, ಸಮಾಧಾನಕ್ಕೆ ಹೇಳುತ್ತೀಯ ಎಂದು ತಲೆಯಾಡಿಸುತ್ತಾರೆ. ಬಿಲ್ಲೆಯನ್ನು ಮತ್ತೆ ಹಾಕಿ. ಕೋಡ್ ಬೇಕೇ ಬೇಕೆಂದರೆ ಸ್ಟ್ಯಾಟಿಕ್ ಅಂಟಿಸಿ. ಅದೆಲ್ಲ ಆಮೇಲಿನ ಮಾತು. ಮೊದಲು ನಿಮ್ಮ ಹೆಮ್ಮೆಯ ದಾಖಲೆ ತೆರೆದು, ಕಾಗದದ ಮೇಲೆ, ನಿಮ್ಮದೇ ಸಹಿ ಹಾಕಿ ಅವರಿಗೆ ಬರೆಯಿರಿ: ನೀವು ಒಂಬತ್ತು ಸಲ ಹಿಡಿದಿರಿ, ಒಂಬತ್ತು ಸಲವೂ ನಿಮ್ಮ ಕೈ ಸರಿಯಾಗಿಯೇ ಇತ್ತು.

ಇಂತಿ,
ಆ ಸಭೆಯಲ್ಲಿ ನಿಮ್ಮ ಕೋಡಿಗೆ ಕೈ ಎತ್ತಿ ಒಪ್ಪಿಗೆ ಕೊಟ್ಟಿದ್ದ ದಡ್ಡಿ,
ಗುನ್ನೆಲ್ ಓಕರ್‌ವಾಲ್