ಹನ್ನೆರಡು ದಿನದ ತಡ

ಜೂನ್ 5
ಅಡುಗೆಮನೆ ನ್ಯಾಯಾಲಯದ ಹದಿನೇಳನೇ ಆದೇಶ ಹೊರಡಿಸಿದ್ದಾಯಿತು: ಅತ್ತೆ ನನ್ನ ಬಿಸ್ಕತ್ತಿನ ಡಬ್ಬಿಯಿಂದ ಐವತ್ತು ಅಡಿ ದೂರವಿರತಕ್ಕದ್ದು. ಆಲೂಗಡ್ಡೆ ಕೊರೆದು ಮಾಡಿದ ಮೊಹರು, ಕೆಂಪು ಶಾಯಿ. ಅತ್ತೆ ಗಾಲಿಕುರ್ಚಿಯಲ್ಲೇ ಓದಿ, ಹಿಂಬದಿಗೆ ‘ವಜಾ’ ಎಂದು ಗೀಚಿ, ಮೊಳೆಗೆ ಚುಚ್ಚಿದಳು. ಎಂದಿನಂತೆ.

ನಿಜವಾದ ನ್ಯಾಯಾಲಯದಲ್ಲಿ ಮೊನ್ನೆ ಸೋತೆವು. ಹಿತ್ತಿಲ ದಾರಿ ಪಕ್ಕದ ಮನೆಯವರದ್ದಂತೆ. ಗೋಡೆ ಎಬ್ಬಿಸಬಹುದಂತೆ. ಮುಂಬಾಗಿಲಿಗೆ ಹನ್ನೊಂದು ಮೆಟ್ಟಿಲು. ಗೋಡೆ ಎದ್ದರೆ ಅತ್ತೆ ಒಳಗೇ.

ಲಾಯರಮ್ಮ: “ಮೂವತ್ತು ದಿನದೊಳಗೆ ಅಪೀಲು ಹಾಕ್ಬೇಕು. ತೀರ್ಪಿನ ಸರ್ಟಿಫೈಡ್ ಕಾಪಿ ಇಲ್ದೆ ತಗೊಳ್ಳಲ್ಲ. ಕಾಪಿಗೆ ಕಾಯೋ ದಿನ ಲೆಕ್ಕಕ್ಕಿಲ್ಲ. ರೆಡಿಯಾದ ಮಾರನೇ ದಿನದಿಂದ ಉಳಿದ ದಿನಗಳ ಎಣಿಕೆ.”

ಅರ್ಜಿ ಕೊಟ್ಟು ಬಂದೆ. ನಕಲು ವಿಭಾಗದ ಗುಮಾಸ್ತರು ತಲೆ ಎತ್ತಲಿಲ್ಲ. “ಎರಡು ಮೂರು ತಿಂಗಳಾಗುತ್ತೆ. ಮನೆಗೆ ಕಾರ್ಡ್ ಬರುತ್ತೆ.”

ಜೂನ್ 14
ಹದಿನೆಂಟನೇ ಆದೇಶ. ಫ್ಯಾನಿನ ರೆಗ್ಯುಲೇಟರ್ ಕುರಿತು. ವಜಾ.

ಜುಲೈ 29
ಹಿತ್ತಿಲ ಓಣಿಯಲ್ಲಿ ಇಟ್ಟಿಗೆ ಇಳಿಸಿದ್ದಾರೆ. ನಕಲು ವಿಭಾಗಕ್ಕೆ ಓಡಿದೆ. ಗುಮಾಸ್ತರು ರಿಜಿಸ್ಟರ್ ತೆರೆದರು. “ಜೂನ್ ಇಪ್ಪತ್ತಕ್ಕೇ ರೆಡಿ. ಕಾರ್ಡ್ ಅವತ್ತೇ ಹೋಗಿದೆಯಲ್ಲಮ್ಮ.”

ಮನೆಗೆ ಬಂದು ಮೊಳೆ ತಡಕಿದೆ. ಕೋರ್ಟಿನ ಕಾರ್ಡು ನನ್ನ ಆದೇಶಗಳ ಜೊತೆಗೇ ಇತ್ತು. ಕೆಂಪು ಮೊಹರು. ಹಿಂಬದಿಯಲ್ಲಿ ಅತ್ತೆಯ ಅಕ್ಷರ — ‘ವಜಾ. ಮೊಹರು ಈ ಸಲ ಚೆನ್ನಾಗಿ ಬಂದಿದೆ.’

“ನಿಂದೇ ಅಂದ್ಕೊಂಡೆ ಕಣೇ,” ಎಂದಳು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಜುಲೈ 31
ಗಡುವು 19ಕ್ಕೇ ಮುಗಿದಿದೆ. ಇವತ್ತು ಸಲ್ಲಿಸಿದರೂ ಹನ್ನೆರಡು ದಿನ ತಡ. ಮನ್ನಿಸಿ ಎಂದು ಬೇರೆ ಅರ್ಜಿ, ಜೊತೆಗೆ ಕಾರಣ ತಿಳಿಸುವ ಪ್ರಮಾಣಪತ್ರ.

“ಅತ್ತೆಗೆ ಕಾಮಾಲೆ ಅಂತ ಬರೆಯೋಣ್ವಾ?” ಎಂದೆ.

“ಎಲ್ಲರೂ ಅದನ್ನೇ ಬರೀತಾರೆ,” ಎಂದರು ಲಾಯರಮ್ಮ.

ಅತ್ತೆ: “ಕಾಲಿಲ್ಲದಿರೋದೇ ಸಾಕು, ಕಾಮಾಲೆ ಬೇರೆ ಅಂಟಿಸ್ಬೇಡ. ನಡೆದದ್ದು ಬರಿ.”

ಬರೆದೆ. ‘ಸತ್ಯಪ್ರಮಾಣವಾಗಿ ಹೇಳುವುದೇನೆಂದರೆ...’ ಎಷ್ಟು ಸಲ ತಮಾಷೆಗೆ ಬರೆದ ಸಾಲು. ಈ ಸಲ ಕೆಳಗೆ ನಿಜವಾದ ಸಹಿ ಹಾಕಿದೆ. ಕಾರ್ಡು, ನನ್ನ ಹದಿನೆಂಟು ಆದೇಶ — ಎಲ್ಲ ಲಗತ್ತು.

ಆಗಸ್ಟ್ 9, ಮಧ್ಯಾಹ್ನ 2.50
ಕೋರ್ಟಿನ ವರಾಂಡ. ಬೆಳಿಗ್ಗೆ ಓಣಿಯಲ್ಲಿ ಮೊಣಕಾಲುದ್ದ ಪಾಯ ತೋಡಿದ್ದರು. ಎರಡು ಹಲಗೆ ಹಾಸಿ ಕುರ್ಚಿ ದಾಟಿಸಿದೆ. ಅತ್ತೆ ಕಣ್ಣು ಮುಚ್ಚಿಕೊಂಡಿದ್ದಳು.

ಎದುರು ಪಕ್ಷದ ವಕೀಲರು ಎದ್ದು ಇದು ಬರೀ ಹುಡುಗಾಟ ಎಂದರು. ನ್ಯಾಯಾಧೀಶರು ಕಾರ್ಡ್ ತಿರುಗಿಸಿ ಓದಿದರು. ನನ್ನ ಹದಿನೆಂಟನ್ನೂ, ಒಂದೊಂದಾಗಿ. ಯಾರೂ ನಗಲಿಲ್ಲ.

“ಇದನ್ನ ಬರೆದೋರು ಬಂದಿದಾರಾ?”

ಎದ್ದು ನಿಂತೆ.

“ಏನಾದ್ರೂ ಹೇಳೋದಿದೆಯಾ?”

ಬಾಯಿಪಾಠ ಮಾಡಿದ್ದೆಲ್ಲ ಹಾರಿಹೋಯಿತು. “ತಪ್ಪು ನಂದು, ಸರ್. ಒಳಗೆ ಉಳಿಯೋದು ಅವರು.”

ಪೆನ್ನು ಕೆಳಗಿಟ್ಟರು. ಮೂರು ಗಂಟೆಗೆ ಆದೇಶ ಅಂದರು.

ಅತ್ತೆ ಪಕ್ಕದಲ್ಲೇ. “ಏನೇ ಗೀಚ್ತಿದೀಯಾ?” ಏನಿಲ್ಲ ಎಂದೆ. ನನ್ನ ಎಡಗೈ ಹಿಡಿದುಕೊಂಡಿದ್ದಾಳೆ, ಅಂಗೈ ತಣ್ಣಗಿದೆ. ಒಳಗೆ ಕುರ್ಚಿಗಳ ಸದ್ದು. ನಮ್ಮ ನಂಬರೇ ಕೂಗಿದರು. ಗಾಲಿಕುರ್ಚಿಯ ಬ್ರೇಕ್ ಬಿಚ್ಚ—