ನೀವು ಹೇಳಿದ್ದು, ನಾನು ಹೇಳಿದ್ದು

ವಿಜಾಪುರ ರಸ್ತೆ, ಸೊಲ್ಲಾಪುರ
೯ ಜನವರಿ ೨೦೨೫, ಗುರುವಾರ

ಪ್ರೀತಿಯ ಗುರುಬಾಯಿ ಅಕ್ಕನಿಗೆ ಶೈಲಶ್ರೀಯ ಶರಣು.

ಎಳ್ಳ ಅಮಾವಾಸ್ಯೆ ಮುಗಿಸಿ ನಾಗಣಸೂರಿನಿಂದ ಬಂದು ಹತ್ತು ದಿನವಾಯಿತು. ಮುಟ್ಟಿದೆವು ಎಂದು ಒಂದು ಫೋನು ಮಾಡಿದ್ದು ಬಿಟ್ಟರೆ ನಿಮ್ಮೊಡನೆ ಮಾತಾಡಿಲ್ಲ. ಶಾಲೆಯ ಕೆಲಸ ಹೆಚ್ಚಾಗಿದೆ ಎಂದು ನಿಮ್ಮ ಮಗಳು ಶೀತಲಳಿಂದ ಹೇಳಿಸಿದ್ದು ನೆಪ. ಮೂರು ಸಲ ಬರೆಯಲು ಕೂತು ಮೂರು ಸಲವೂ ಎದ್ದುಬಿಟ್ಟೆ. ಫೋನಿನಲ್ಲಿ ಹೇಳುವ ವಿಷಯವಲ್ಲ. ನಿಮ್ಮ ಮನೆಯ ಫೋನು ಕಲ್ಲಣ್ಣ ಭಾವನವರ ಜೇಬಿನಲ್ಲಿರುತ್ತದೆ, ಅದರೊಳಗಿನ ಮಾತು ಅಂಗಳದ ತುಂಬ ಕೇಳುತ್ತದೆ. ಹೀಗಾಗಿ ಈ ಕಾಗದ. ಶನಿವಾರ ಶೀತಲ ಊರಿಗೆ ಬರುವಾಗ ಕೊಟ್ಟು ಕಳಿಸುತ್ತೇನೆ. ಲಕೋಟೆಗೆ ಅಂಟು ಹಚ್ಚಿಲ್ಲ. ನಿಮ್ಮ ಮಗಳದು ಮರಾಠಿ ಶಾಲೆ, ಭಾವನವರದೂ ಅದೇ. ಆ ಮನೆಯಲ್ಲಿ ಕನ್ನಡ ಓದಬಲ್ಲವರು ನೀವೊಬ್ಬರೇ.

ನನಗೆ ಈ ಅಕ್ಷರ ಕಲಿಸಿದವರೂ ನೀವೇ. ನಿಮ್ಮ ಮೈದುನನನ್ನು ಮದುವೆಯಾಗಿ ಬಂದ ಹೊಸದರಲ್ಲಿ, "ಇಂಗ್ಲಿಷ್ ಸಾಲಿ ಕಲತ ಬಂದಾಳ, ತನ್ನ ಹೆಸರ ಕನ್ನಡದಾಗ ಬರಿಯಾಕ ಬರಂಗಿಲ್ಲ ನಮ್ಮ ನೆಗೆಣ್ಣಿಗಿ" ಎಂದು ನಕ್ಕು, ಕ್ಯಾಲೆಂಡರಿನ ಹಿಂಬದಿಯಲ್ಲಿ ತಿದ್ದಿಸಿದಿರಿ. ಇಂಡಿ ಊರಿನ ನಿಮ್ಮ ತವರಿಗೆ ಬರೆಯುತ್ತಿದ್ದ ಕಾಗದದ ಕೊನೆಗೆ ನನ್ನಿಂದಲೂ ಎರಡು ಸಾಲು ಬರೆಸುತ್ತಿದ್ದಿರಿ. ಅದು ನೆನಪಾದಾಗಲೆಲ್ಲ ಪೆನ್ನು ಕೆಳಗಿಡಬೇಕೆನಿಸುತ್ತದೆ.

ಶೀತಲ ನಮ್ಮ ಮನೆಯಲ್ಲಿ ಚೆನ್ನಾಗಿದ್ದಾಳೆ. ಬೆಳಿಗ್ಗೆ ಕಾಲೇಜು, ಮಧ್ಯಾಹ್ನ ಬಂದು ನಿದ್ದೆ. ನೀವು ಕಳಿಸಿದ ಶೇಂಗಾ ಚಟ್ನಿ ನಾಲ್ಕೇ ದಿನಕ್ಕೆ ಮುಗಿಸಿದಳು. ನನ್ನ ಯಜಮಾನರು ಡಬ್ಬಿ ಅಲ್ಲಾಡಿಸಿ ನೋಡಿ, "ನಮ್ಮ ವೈನಿ ಚಟ್ನಿ ಕಳಿಸ್ಯಾರೋ, ಖಾಲಿ ಡಬ್ಬಿ ಕಳಿಸ್ಯಾರೋ?" ಎಂದು ಅವಳನ್ನು ಕಾಡಿದರು.

ಈಗ ವಿಷಯಕ್ಕೆ ಬರುತ್ತೇನೆ. ಅಮಾವಾಸ್ಯೆಯ ದಿನ ಹೊಲದಲ್ಲಿ ಎಲ್ಲರೂ ಜಮಖಾನೆಯ ಮೇಲೆ ಊಟಕ್ಕೆ ಕೂತರೆ ನೀವು ಬದುವಿನ ಹತ್ತಿರ ಗೋಣಿಚೀಲ ಹಾಸಿಕೊಂಡು ದೂರ ಕೂತಿರಿ. ಅತ್ತೆಯವರು, "ನೋಡ್ರಿ, ಮುಟ್ಟ ನಿಂತ ಎರಡ ವರ್ಷಾತು, ಇನ್ನೂ ಹೊರಗ ಕುಂಡ್ರೂ ಚಟ ಬಿಟ್ಟಿಲ್ಲ ನಮ್ಮ ಸೊಸಿ" ಎಂದು ನಗೆಯಾಡಿದರು. ನೀವೂ ನಕ್ಕಿರಿ. ನಾನು ತಟ್ಟೆ ಹಿಡಿದು ನಿಮ್ಮ ಪಕ್ಕಕ್ಕೆ ಬಂದೆ. "ಅತ್ತಾಗ ಸರಿ ಶೈಲಾ, ಗಾಳಿ ಈ ಕಡೀಂದ ಬೀಸಾಕತ್ತೇತಿ" ಎಂದಿರಿ. ಆಗ ನನಗೆ ಆ ವಾಸನೆ ತಿಳಿಯಿತು. ನೀವು ಯಾಕೆ ಅತ್ತ ಸರಿ ಎಂದಿರಿ ಎನ್ನುವುದೂ ತಿಳಿಯಿತು.

"ಅಕ್ಕಾ, ಇನ್ನೂ ಹೋಗತದೇನ್ರಿ?" ಎಂದು ಕೇಳಿದೆ.

"ಹೂಂ. ದಿನಕ್ಕ ಮೂರ ಅರಿವಿ ಬದಲ ಮಾಡತೀನಿ. ಪಟಕದ ನೀರಿಲೆ ಒಳತನಕಾ ತೊಳಿಯಾಕತ್ತೀನಿ, ಒಮ್ಮೊಮ್ಮಿ ಡೆಟಾಲ್ ಹಾಕತೀನಿ. ಆದ್ರೂ ಕೆಂಪ ಕಾಣತದ."

"ಮತ್ತ ದವಾಖಾನಿಗಿ ಹೋಗೂಣ್ರಿ."

"ಯಾಕ? ನಿಮ್ಮ ಡಾಕ್ಟರ ಬಾಯಿ ಏನಿಲ್ಲ ಅಂದಾಳಲ್ಲ. ಶಾಣ್ಯಾಕಿ ಅದಾಳ ಆಕಿ. ನನ್ನ ಮೈನ ಹಿಂಗ, ಬಿಡು."

ನಿಮ್ಮ ಈ ಮಾತು ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಯಾಕೆಂದರೆ ಡಾಕ್ಟರು ಏನೂ ಇಲ್ಲ ಎಂದದ್ದು ನೀವು ಹೇಳಿದ್ದಕ್ಕಲ್ಲ. ನಾನು ಹೇಳಿದ್ದಕ್ಕೆ.

ಶ್ರಾವಣ ಮುಗಿದ ಮೇಲೆ ನೀವು ಅಕ್ಕಲಕೋಟೆಗೆ ಬಂದು, ಅಲ್ಲಿಂದ ವಳಸಂಗದ ಮೇಲೆ ಹಾಯುವ ಬಸ್ಸು ಹಿಡಿದು ನಮ್ಮ ಮನೆಗೆ ಬಂದಿದ್ದಿರಿ. ಮನೆಯಲ್ಲಿ ಹೇಳಿದ್ದು ಮಗಳನ್ನು ನೋಡಿ ಬರುತ್ತೇನೆ ಎಂದು. ನಿಮ್ಮ ಮರಾಠಿ ಸಂತೆಗೆ ಸಾಲುತ್ತದೆ, ಮೈಯ ವಿಷಯ ಹೇಳಲು ಸಾಲದು ಎಂದು ನನ್ನನ್ನು ಜೊತೆಗೆ ಕರೆದಿರಿ. ಡಾಕ್ಟರ ಎದುರು ಕೂತು ಕನ್ನಡದಲ್ಲಿ ಬಿಚ್ಚಿ ಹೇಳಿದಿರಿ. "ನೀರಿನಂಗ ಹೋಗತದ. ವಾಸನಿ ಬರತದ, ನನಗ ಹೇಸಿಕಿ ಆಗತದ. ಇವರ ಸಂಗಟ ಮಲಗಿದ ಮರುದಿನ ಕೆಂಪ ಕಾಣತದ. ಹೇಳ್ ಶೈಲಾ, ಎಲ್ಲಾ ಹೇಳು."

ನಾನು ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟೇ: ಇವರಿಗೆ ಸ್ವಲ್ಪ ಬಿಳಿ ಹೋಗುತ್ತದೆ. ವಾಸನೆ, ಕೆಂಪು ಎರಡನ್ನೂ ಬಿಟ್ಟೆ. ಅಂಥ ಮಾತು ನನಗೆ ಬರಲಿಲ್ಲ. ಇಂಗ್ಲಿಷ್ ಶಾಲೆಯಲ್ಲಿ ಮೈಯ ಪಾಠ ಬಂದಾಗ ನಮ್ಮ ಟೀಚರ್ ಪುಟ ತಿರುಗಿಸಿಬಿಡುತ್ತಿದ್ದರು. ಡಾಕ್ಟರು ಕೇಳಿಕೊಂಡು, ಇದು ಎಲ್ಲ ಹೆಂಗಸರಿಗೂ ಇರುವಂಥದ್ದು, ಹೆದರಬೇಡಿ ಎಂದು ಶಕ್ತಿಯ ಗುಳಿಗೆ ಬರೆದುಕೊಟ್ಟರು. ಆ ಚೀಟಿ ಹಿಡಿದು ನೀವು ಹಗುರಾಗಿ ಬಸ್ಸು ಹತ್ತಿದಿರಿ. ನಾಲ್ಕು ತಿಂಗಳಾಯಿತು.

ಮೊನ್ನೆ ಮಂಗಳವಾರ ನಾನೊಬ್ಬಳೇ ಅದೇ ದವಾಖಾನೆಗೆ ಹೋಗಿ ಬಿಟ್ಟದ್ದನ್ನು ಹೇಳಿದೆ. ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. ಮುಟ್ಟು ನಿಂತು ಎಷ್ಟು ದಿನವಾಯಿತು ಎಂದು ಎರಡು ಸಲ ಕೇಳಿದರು. "ಇದನ್ನು ಒಂದು ವಾರವೂ ಬಿಡಬಾರದಿತ್ತು" ಎಂದರು. ಅವರು ತಿಳಿಸಿದ್ದನ್ನು ಈ ಸಲ ಒಂದೂ ಬಿಡದೆ ಬರೆಯುತ್ತೇನೆ.

ಬಿಳಿ ಹೋಗುವುದೇ ರೋಗವಲ್ಲ. ಒಳಗಿನ ಜಾಗ ತನ್ನನ್ನು ತಾನೇ ಶುದ್ಧ ಇಟ್ಟುಕೊಳ್ಳುವ ರೀತಿ ಅದು. ಕೆಟ್ಟ ವಾಸನೆ, ತುರಿಕೆ, ಉರಿ ಇರದಿದ್ದರೆ ಹೆದರಬೇಕಿಲ್ಲ. ಮೊಸರು ಒಡೆದಂತೆ ಬಂದು ತುರಿಸಿದರೆ, ಹಳದಿ ಅಥವಾ ಹಸಿರು ಬಣ್ಣವಿದ್ದರೆ, ನಾತವಿದ್ದರೆ ಸೋಂಕು ಇರಬಹುದು. ಯಾವ ಸೋಂಕು ಎಂದು ನೋಡಿಯೇ ಔಷಧ ಕೊಡಬೇಕು. ಕೆಲವಕ್ಕೆ ಗಂಡನೂ ಗುಳಿಗೆ ನುಂಗಬೇಕಾಗುತ್ತದೆ. ಒಳಗೆ ಪಟಕದ ಹರಳು ಕರಗಿಸಿದ ನೀರು, ಸೋಪು, ಡೆಟಾಲ್ ಏನನ್ನೂ ಹಾಕಬಾರದು. ಇರುವ ಕಾವಲನ್ನೂ ಅದು ಕೊಂದುಬಿಡುತ್ತದೆ. ಹೊರಗೆ ಬರೀ ನೀರು ಸಾಕು. ಅರಿವೆಯನ್ನು ಸೀರೆಯ ಕೆಳಗೆ ಮರೆಮಾಡಿ ಒಣಗಿಸಬೇಡಿ, ಬಿಸಿಲಿಗೆ ಹಾಕಿ. ಅತ್ತೆಯವರು ಏನಾದರೂ ಅಂದರೆ ಅನ್ನಲಿ.

ಆದರೆ ಮುಟ್ಟು ನಿಂತ ಮೇಲೆ ಒಂದು ಹನಿ ಕೆಂಪು ಕಂಡರೂ, ಗಂಡನ ಜೊತೆ ಮಲಗಿದ ಮೇಲೆ ಕಂಡರೂ, ಅದನ್ನು ಪರೀಕ್ಷಿಸಲೇಬೇಕು. ವಯಸ್ಸಿಗೆ ಒಳಚರ್ಮ ಒಣಗಿ ತೆಳುವಾದದ್ದಿರಬಹುದು, ಅದಕ್ಕೆ ಮುಲಾಮು ಇದೆ. ಸೋಂಕಿರಬಹುದು. ಗರ್ಭಕೋಶದಲ್ಲಿ ಅಥವಾ ಅದರ ಬಾಯಿಯಲ್ಲಿ ಕ್ಯಾನ್ಸರ್ ಕೂಡ ಇರಬಹುದು. ಈ ಪದವನ್ನು ಬರೆಯದೆ ಮುಂದೆ ಹೋಗೋಣ ಎನಿಸಿತು ಅಕ್ಕ. ಬಿಟ್ಟರೆ ಅಂದು ಮಾಡಿದ್ದನ್ನೇ ಮತ್ತೆ ಮಾಡಿದಂತೆ. ಮೊದಲು ಕಣ್ಣಿನಿಂದ ನೋಡುತ್ತಾರೆ, ಸಣ್ಣ ಬ್ರಶ್‌ನಿಂದ ಸ್ವಲ್ಪ ಒರೆಸಿ ತಪಾಸಣೆಗೆ ಕಳಿಸುತ್ತಾರೆ, ಸೋನೋಗ್ರಫಿ ಮಾಡುತ್ತಾರೆ. ಏನಾದರೂ ಇದ್ದರೆ ಬೇಗ ಸಿಕ್ಕಷ್ಟು ಒಳ್ಳೆಯದು.

ಇನ್ನೊಂದನ್ನೂ ಹೇಳಬೇಕು. ದೀಪಾವಳಿಯ ಹೊತ್ತಿಗೆ ಶೀತಲ ಬಟ್ಟೆ ಮಡಚುತ್ತ ನನ್ನ ಹತ್ತಿರ ಬಂದು, "ಕಾಕೂ, ನಂಗ ನಡುವ ನಡುವ ಬಿಳಿ ಹೋಗತೇತಿ, ಜಿಗಟ ಇರತೇತಿ. ನಂಗ ಏನರೆ ರೋಗ ಐತೇನ?" ಎಂದು ಕೇಳಿದಳು. ಪಕ್ಕದಲ್ಲಿ ಕೂರಿಸಿಕೊಂಡು ಅರ್ಧ ಗಂಟೆ ಹೇಳಿದೆ. ತಿಂಗಳ ಯಾವ ದಿನಗಳಲ್ಲಿ ಹಾಗಾಗುತ್ತದೆ, ಯಾಕಾಗುತ್ತದೆ, ಯಾವುದಕ್ಕೆ ಹೆದರಬೇಕು, ಎಲ್ಲ. ಅವಳು ನಕ್ಕು, "ಅಯ್ಯ, ಇಷ್ಟಕ್ಕ ನಾ ಮೂರ ತಿಂಗಳ ಅತ್ತೀನಲ್ಲ!" ಎಂದಳು. ಆಗಲೂ ನನಗೆ ನೀವು ನೆನಪಾಗಲಿಲ್ಲ. ಯಾಕೆ ಆಗಲಿಲ್ಲ ಎಂದು ಈಗ ಕೇಳಿಕೊಳ್ಳುತ್ತಿದ್ದೇನೆ.

ಸೋಮವಾರ ಶೀತಲಳ ಜೊತೆಗೇ ಹೊರಟು ಬನ್ನಿ. ಸಂಕ್ರಾಂತಿ ಆಗಲಿ ಎನ್ನಬೇಡಿ, ಜೋಳದ ಹೊಲ ಎನ್ನಬೇಡಿ. ನಾನು ಭಾವನವರಿಗೆ ಫೋನು ಮಾಡಿ, ಅಕ್ಕನಿಗೆ ದವಾಖಾನೆಯಲ್ಲಿ ತಪಾಸಣೆ ಇದೆ, ಕಳಿಸಿ ಎಂದು ನೇರವಾಗಿ ಹೇಳುತ್ತೇನೆ. ಯಾಕೆ ಎಂದು ಕೇಳಿದರೆ ಹೆಂಗಸರ ತಪಾಸಣೆ ಎನ್ನುತ್ತೇನೆ, ಸ್ಪೀಕರಿನಲ್ಲಿ ಅಂಗಳ ಕೇಳಿದರೆ ಕೇಳಲಿ. ದವಾಖಾನೆಯಲ್ಲಿ ಶಾರದಾಬಾಯಿ ಎಂಬ ನರ್ಸ್ ಇದ್ದಾರೆ, ನಿಮ್ಮ ಇಂಡಿ ಕಡೆಯವರು. ನಿಮ್ಮ ಮಾತನ್ನು ಡಾಕ್ಟರಿಗೆ ಅವರು ಹೇಳುತ್ತಾರೆ. ನಾನೇ ಕೇಳಿಕೊಂಡು ಬಂದಿದ್ದೇನೆ. ಅವರು ಆಗಲೂ ಅಲ್ಲೇ ಇದ್ದರಂತೆ. ನಾನು ವಿಚಾರಿಸಿರಲಿಲ್ಲ.

ಅತ್ತೆಯವರಿಗೆ, ಭಾವನವರಿಗೆ ನನ್ನ ನಮಸ್ಕಾರ. ಚಿಕ್ಕವಳು ನಾನು, ನಿಮ್ಮನ್ನು ಹರಸುವ ಹಾಗಿಲ್ಲ. ಆದರೂ ನೀವು ನೂರು ವರ್ಷ ಇರಿ ಎಂದು ಬರೆಯುತ್ತಿದ್ದೇನೆ, ತಿದ್ದಬೇಡಿ.

ನಿಮ್ಮ ತಂಗಿ,
ಶೈಲಶ್ರೀ

ತಾ.ಕ.: ಮಡಚಿದ ಕಾಗದವನ್ನು ಮತ್ತೆ ಬಿಚ್ಚಿದೆ. ಮೇಲೆ ಒಂದು ಕಡೆ, ಮಾತು ಬರಲಿಲ್ಲ ಎಂದು ಬರೆದಿದ್ದೇನೆ. ಸುಳ್ಳು. ಶೀತಲಳಿಗೆ ಹೇಳಲು ಬಂದ ಮಾತು ಅಂದೂ ನನ್ನ ಹತ್ತಿರ ಇತ್ತು. ವಾಸನೆ ಇದೆಯೇ, ರಕ್ತ ಕಾಣಿಸುತ್ತದೆಯೇ ಎಂದು ಡಾಕ್ಟರು ಇಂಗ್ಲಿಷಿನಲ್ಲಿ ನೇರವಾಗಿಯೇ ಕೇಳಿದ್ದರು. ನಾನು ನಿಮ್ಮ ಕಡೆ ತಿರುಗದೆಯೇ, ಇಲ್ಲ ಎಂದುಬಿಟ್ಟೆ. ಆದರೂ ಒಮ್ಮೆ ನೋಡುತ್ತೇನೆ ಎಂದು ಪರದೆಯ ಕಡೆ ಕೈ ತೋರಿಸಿದರು. ನೀವು ಚಪ್ಪಲಿ ಬಿಟ್ಟು ಎದ್ದೇ ನಿಂತಿದ್ದಿರಿ. ಅಕ್ಕನಿಗೆ ಸಂಕೋಚ, ಇನ್ನೊಮ್ಮೆ ಬರುತ್ತೇವೆ ಎಂದು ಡಾಕ್ಟರಿಗೆ ಹೇಳಿದೆ. "ನೋಡೂದ ಬ್ಯಾಡಂತ, ಕೂಡ್ರಿ" ಎಂದು ನಿಮಗೆ ಹೇಳಿದೆ. ಆ ಡಾಕ್ಟರ ಮಗಳೂ ನನ್ನ ಮಗಳೂ ಒಂದೇ ತರಗತಿ. ಶಾಲೆಯ ಸಭೆಗಳಲ್ಲಿ ನಾವು ಪಕ್ಕಪಕ್ಕ ಕೂರುತ್ತೇವೆ. ನಮ್ಮ ಮನೆಯ ಹೆಂಗಸಿನ ಮೈ ನಾರುತ್ತದೆ ಎಂದು ಅವರಿಗೆ ಗೊತ್ತಾಗುವುದು ನನಗೆ ಬೇಕಿರಲಿಲ್ಲ. ನನಗೆ ನಾಚಿಕೆಯಾದದ್ದು ಮಾತಿನ ಬಗ್ಗೆ ಅಲ್ಲ ಅಕ್ಕ, ನಿಮ್ಮ ಬಗ್ಗೆ. ಮೊನ್ನೆ ಮಂಗಳವಾರ ಕೂಡ, ಆಗ ಅಕ್ಕ ನನಗೂ ಹೇಳಿರಲಿಲ್ಲ ಎಂದು ತಪ್ಪನ್ನು ನಿಮ್ಮ ಮೇಲೆಯೇ ಹಾಕಿ ಬಂದೆ. ಸೋಮವಾರ ಮೊದಲು ನಾನು ಒಳಗೆ ಹೋಗಿ ಅದನ್ನು ಸರಿಮಾಡುತ್ತೇನೆ. ಆಮೇಲೆ ನೀವು ಮತ್ತು ಶಾರದಾಬಾಯಿ ಹೋಗಿ. ನಾನು ಹೊರಗಿನ ಬೆಂಚಿನ ಮೇಲೆ ಕೂತಿರುತ್ತೇನೆ. ಕರೆದರೆ ಬರುತ್ತೇನೆ. ಕರೆಯದಿದ್ದರೂ ಅಲ್ಲೇ ಇರುತ್ತೇನೆ.